ಸಂಬಳಕ್ಕೆ ಎಷ್ಟು ಹೆಸರು?

‘ಸ್ಯಾಲರಿ’ ಎಂಬ ಪದವನ್ನು ನಾವು ಯಾರೂ ಈಗ ಇಂಗ್ಲಿಷ್ ಪದ ಎಂದು ಭಾವಿಸುವುದಿಲ್ಲ. ನಿಮ್ಮ ಮನೆಯಲ್ಲೂ ತಿಂಗಳ ಮೊದಲ ವಾರ ಅದು ಹತ್ತು ಸಲವಾದರೂ ಕೇಳಿಬರುತ್ತದೆ. ಆದರೆ ಕೊಪ್ಪಳ ಮತ್ತು ಹೊಸಪೇಟೆಯ ನಡುವಿನ ಗಿಣಿಗೇರಾದಲ್ಲಿ ಒಮ್ಮೆ ಕಿವಿಗೊಟ್ಟು ನಿಲ್ಲಿ. 1990ರ ದಶಕದಿಂದ ಈ ಸುತ್ತಿನಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು ಬೆಳೆದಿವೆ. ಕಾಯಂ ನೌಕರನಿಗೆ ಕಾಗದದ ಮೇಲೆ ಬರುವುದು ಸ್ಯಾಲರಿ. ಮನೆಯವರು ಕೇಳುವುದು “ಪಗಾರ ಆತೇನು?” ಎಂದು. ಗುತ್ತಿಗೆದಾರನ ಕೈಕೆಳಗಿನವನಿಗೆ ಅದು ಪೇಮೆಂಟು. ಹೊಲದಲ್ಲಿ ಕಳೆ ತೆಗೆಯುವ ತಾಯಿಗೆ ಕೂಲಿ. ಹಣ ಅದೇ ರಿಸರ್ವ್ ಬ್ಯಾಂಕಿನದು, ಹೆಸರು ಮಾತ್ರ ಬೇರೆ ಬೇರೆ.

ಮೊದಲು ಸ್ಯಾಲರಿಯನ್ನೇ ನೋಡೋಣ. ಇದರ ಮೂಲ ಲ್ಯಾಟಿನ್ ಭಾಷೆಯ ‘ಸಲಾರಿಯಂ’. ಅದರೊಳಗೆ ‘ಸಾಲ್’, ಅಂದರೆ ಉಪ್ಪು, ಇದೆ. ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎಂಬ ಕಥೆಯನ್ನು ನೀವು ಓದಿರಬಹುದು. ಕಥೆ ಸೊಗಸಾಗಿದೆ, ಪುರಾವೆ ಮಾತ್ರ ಇಲ್ಲ. ಪದಕ್ಕೂ ಉಪ್ಪಿಗೂ ನಂಟಿರುವುದು ನಿಜ. ಉಪ್ಪಿನ ಮೂಟೆಯೇ ಸಂಬಳವಾಗಿತ್ತು ಎಂಬುದು ಹಿಂದಿನಿಂದ ಕಟ್ಟಿದ ಮಾತು. ರಸಾಯನಶಾಸ್ತ್ರ ಓದಿ ಬಂದ ನನಗೆ ಉಪ್ಪಿನ ವಿಷಯದಲ್ಲಿ ಸ್ವಲ್ಪ ಪಕ್ಷಪಾತವಿದೆ, ಆದರೂ ಈ ಕಥೆಯನ್ನು ಒಪ್ಪಲಾರೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುವ ನಮ್ಮವರಿಗೆ ಅದು ಬಹಳ ಬೇಗ ರುಚಿಸುತ್ತದೆ, ಅಷ್ಟೆ.

ಪಗಾರದ ಪಯಣ ಇನ್ನೂ ವಿಚಿತ್ರ. ಅದು ಪೋರ್ಚುಗೀಸರ ‘ಪಗಾರ್’, ಅಂದರೆ ಹಣ ಸಲ್ಲಿಸು. ಪಶ್ಚಿಮ ಕರಾವಳಿಯಲ್ಲಿ ಇಳಿದು, ಮರಾಠಿಯಲ್ಲಿ ಬೇರೂರಿ, ಉತ್ತರ ಕರ್ನಾಟಕದ ಮನೆಮಾತಾಯಿತು. ಇಂಗ್ಲಿಷಿನ ‘ಪೇ’ ಮತ್ತು ಈ ಪಗಾರ ಒಂದೇ ತಾಯಿಯ ಮಕ್ಕಳು. ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಪಕಾರೆ’, ಅಂದರೆ ಸಮಾಧಾನಪಡಿಸು. ಕೆಲಸ ಮಾಡಿದವನನ್ನು ಸಮಾಧಾನ ಮಾಡಿ ಕಳಿಸುವುದೇ ಪಗಾರ! ಕಾಯಂ ನೌಕರನ ಪಗಾರವೂ ಗುತ್ತಿಗೆಯವನ ಪೇಮೆಂಟೂ ಹೀಗೆ ಅಣ್ಣತಮ್ಮಂದಿರು. ಅವರಿಬ್ಬರಿಗೂ ಅದು ಗೊತ್ತಿಲ್ಲ.

ನಮ್ಮ ‘ಸಂಬಳ’ ಸಂಸ್ಕೃತದ ಶಂಬಲದಿಂದ ಬಂದದ್ದು. ಅದಕ್ಕೆ ದಾರಿಬುತ್ತಿ ಎಂದು ಅರ್ಥ. ‘ಉಂಬಳಿ’ಯಲ್ಲಿ ಉಣ್ಣುವ ಮಾತಿದೆ: ಸೇವೆಗಾಗಿ ಬಿಟ್ಟುಕೊಟ್ಟ ಭೂಮಿ. ಬಡಿಗ, ಕಮ್ಮಾರರಿಗೆ ಕಣದಲ್ಲಿ ಸಲ್ಲುತ್ತಿದ್ದ ಕಾಳಿನ ಪಾಲು ‘ಆಯ’. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು, ಕೊಪ್ಪಳ ಸಾಲಾರ್ ಜಂಗರ ಜಹಗೀರು. ಆ ಕಾಲದ ದಫ್ತರಗಳ ಪದ ‘ತನಖಾ’. ಮೊಗಲರ ಕಾಲದಲ್ಲಿ ತನಖಾ ಎಂದರೆ ನಗದೇ ಆಗಬೇಕಿರಲಿಲ್ಲ. ಅಧಿಕಾರಿಯ ಸಂಬಳಕ್ಕೆ ಬದಲಾಗಿ ಯಾವುದೋ ಊರುಗಳ ಕಂದಾಯವನ್ನು ಬರೆದುಕೊಡುತ್ತಿದ್ದರು. ಒಬ್ಬನ ತನಖಾ ಇನ್ನೊಬ್ಬನ ತೆರಿಗೆ.

ಇಷ್ಟು ಹೆಸರುಗಳ ಸಾಲಿನಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೆ. ಅದು ‘ಜೀತ’.

ಇದೇನು, ಜೀತವೂ ಸಂಬಳದ ಹೆಸರೇ ಎಂದು ನೀವು ಹುಬ್ಬೇರಿಸಬಹುದು. ಹೌದು. ನಮ್ಮ ಶಾಸನಗಳಲ್ಲಿ ‘ಜೀವಿತ’ ಎಂಬ ಮಾತು ಬರುತ್ತದೆ; ಬದುಕಲು ಕೊಟ್ಟದ್ದು, ಜೀವನಾಧಾರ ಎಂದು ಅದರ ಅರ್ಥ. ಅದೇ ಸವೆದು ಜೀತವಾಯಿತು. ಹಳೆಯ ಕಾವ್ಯಗಳಲ್ಲಿ ಜೀತ ಎಂದರೆ ದುಡಿಮೆಗೆ ಸಲ್ಲುವ ವೇತನ, ಅದರಲ್ಲಿ ಅವಮಾನವಿರಲಿಲ್ಲ. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಕೂಡ ಈ ವೇತನದ ಅರ್ಥವನ್ನು ಹೇಳುತ್ತದೆ. ತೆಲುಗಿನಲ್ಲಂತೂ ಇವತ್ತಿಗೂ ‘ಜೀತಂ’ ಎಂದರೆ ತಿಂಗಳ ಸಂಬಳವೇ. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಗಂಗಾವತಿಯ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. ಅಲ್ಲಿ ತಾಯಿಯೊಬ್ಬಳು ಮಗನ ಜೀತಂ ಎಷ್ಟೆಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಅದೇ ಪದ ಪಕ್ಕದ ಕನ್ನಡದ ಮನೆಯಲ್ಲಿ ತಲೆ ತಗ್ಗಿಸುವ ಮಾತು.

ಒಂದೇ ಪದ, ಒಂದು ಭಾಷೆಯಲ್ಲಿ ಮರ್ಯಾದೆ ಉಳಿಸಿಕೊಂಡು ಇನ್ನೊಂದರಲ್ಲಿ ಕಳೆದುಕೊಂಡದ್ದು ಹೇಗೆ? ನನಗೆ ತೋರುವ ಉತ್ತರ ಹೀಗಿದೆ. ಸಂಬಳ ದುಡಿಮೆಯ ನಂತರ ಬರುತ್ತದೆ. ಜೀತದಲ್ಲಿ ಹಣ ಮೊದಲೇ ಬಂದಿತು, ಸಾಲವಾಗಿ. ಮದುವೆಗೋ ಬರಗಾಲದ ಹೊಟ್ಟೆಗೋ ಧಣಿಯಿಂದ ತಂದ ಹಣಕ್ಕೆ ಮಗ ಆಳಾಗಿ ನಿಂತ. ದುಡಿಮೆ ಬಡ್ಡಿಗೆ ವಜಾ ಆಯಿತು, ಅಸಲು ಹಾಗೇ ಉಳಿಯಿತು. ಜೀವನಾಧಾರ ಎಂಬ ಪದದ ಒಳಗಿದ್ದ ಜೀವನ ಹೋಗಿ ಆಧಾರಪತ್ರ ಮಾತ್ರ ಉಳಿಯಿತು. ತೆಲುಗು ನಾಡಿನಲ್ಲಿ ಇಂಥ ಆಳುತನ ಇರಲಿಲ್ಲವೆಂದಲ್ಲ. ಅಲ್ಲಿ ಅದಕ್ಕೆ ವೆಟ್ಟಿ, ಪಾಲೇರು, ಭಗೇಲಾ ಎಂಬ ಬೇರೆ ಹೆಸರುಗಳಿದ್ದವು, ಆದ್ದರಿಂದ ಜೀತಂ ಬಚಾವಾಯಿತು. ನಮ್ಮಲ್ಲಿ ಪಗಾರ, ಸಂಬಳಗಳು ನೌಕರಿಯವರ ಪಾಲಾಗಿ ಜೀತ ಅವರಿಗೆ ಬೇಡವಾಯಿತು.

1976ರ ಜೀತ ಪದ್ಧತಿ ರದ್ದತಿ ಕಾಯಿದೆಯನ್ನು ತೆರೆದು ನೋಡಿ. ಆರಂಭದ ವ್ಯಾಖ್ಯೆಗಳಲ್ಲಿಯೇ ದೇಶದ ನಾನಾ ಭಾಗಗಳ ಬಲವಂತದ ದುಡಿಮೆಯ ಹೆಸರುಗಳ ಪಟ್ಟಿಯಿದೆ. ಅದರಲ್ಲಿ ಭಗೇಲಾ ಇದೆ, ಪಾಲೇರು ಇದೆ, ವೆಟ್ಟಿ ಇದೆ. ನಮ್ಮ ಜೀತವೂ ಇದೆ.

ಇದು ಹಳೆಯ ಕಥೆ ಎನ್ನುತ್ತೀರಾ? ಯಲಬುರ್ಗಾ, ಕುಷ್ಟಗಿ ಕಡೆಯಿಂದ ಗುಳೆ ಹೋಗುವವರನ್ನು ಕೇಳಿ. ಮೇಸ್ತ್ರಿ ಮನೆಬಾಗಿಲಿಗೆ ತಂದುಕೊಡುವ ಹಣಕ್ಕೆ ಅವರು ಜೀತ ಎನ್ನುವುದಿಲ್ಲ. ‘ಅಡ್ವಾನ್ಸ್’ ಎನ್ನುತ್ತಾರೆ. ಇದೂ ಇಂಗ್ಲಿಷೇ, ಇದೂ ಕೆಲಸದ ಜಾಗದ ಪದವೇ. ಅಡ್ವಾನ್ಸ್ ಪಡೆದವರೆಲ್ಲ ಜೀತದಾಳುಗಳೇನಲ್ಲ. ಆ ಹಣಕ್ಕೆ ಲೆಕ್ಕವಿದೆಯೇ, ಬೇಡವಾದ ದಿನ ಬಿಟ್ಟು ಬರುವ ಸ್ವಾತಂತ್ರ್ಯವಿದೆಯೇ ಎಂಬುದೇ ಪ್ರಶ್ನೆ. ಸಾಲ ತೀರಿಲ್ಲವೆಂದು ಯಾರಾದರೂ ತಡೆದು ಬಲವಂತವಾಗಿ ದುಡಿಸಿಕೊಂಡರೆ, 1976ರ ಕಾಯಿದೆಯ ಪ್ರಕಾರ ಆ ಸಾಲವೇ ರದ್ದು. ದೂರು ಹೋಗಬೇಕಾದದ್ದು ಜಿಲ್ಲಾಧಿಕಾರಿಗಳಿಗೆ.

ತಿಂಗಳ ಪಗಾರದವರಿಗೂ ಒಂದು ಮಾತು. ಪಗಾರ ಯಾವಾಗ ಆಗಬೇಕೆಂಬುದು ಧಣಿಯ ಮರ್ಜಿಯಲ್ಲ. ಈ ಗಡುವು 1936ರ ವೇತನ ಪಾವತಿ ಕಾಯಿದೆಯಿಂದಲೇ ಇತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ತಿಂಗಳ ಲೆಕ್ಕದವರಿಗೆ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ, ದಿನಗೂಲಿಯವರಿಗೆ ಆಯಾ ದಿನದ ಪಾಳಿ ಮುಗಿಯುವಾಗ ಹಣ ಸಲ್ಲಬೇಕು. ಕಾಗದದ ಮೇಲೆ ಅದನ್ನು ಯಾವ ಹೆಸರಿನಿಂದ ಬರೆದಿದ್ದರೂ ಸರಿಯೆ.