ಬೀಟ್ಸ್: ಹೆಸರು ಉಳಿಯಬೇಕೆ, ಅಳಿಯಬೇಕೆ?

ಒಂದು ಕಂಪನಿ ಇನ್ನೊಂದನ್ನು ಕೊಂಡಾಗ ಯಂತ್ರಗಳು, ಪೇಟೆಂಟುಗಳು, ನೌಕರರು ಇವುಗಳ ಜೊತೆಗೆ ಒಂದು ಹೆಸರೂ ಕೈ ಬದಲಾಯಿಸುತ್ತದೆ. 2014ರಲ್ಲಿ ಅಮೆರಿಕದ ಆಪಲ್ ಕಂಪನಿ, ಬೀಟ್ಸ್ ಎಂಬ ಹೆಡ್‌ಫೋನ್ ಕಂಪನಿಯನ್ನು 300 ಕೋಟಿ ಡಾಲರುಗಳಿಗೆ ಕೊಂಡಿತು. ಅಲ್ಲಿಯವರೆಗಿನ ಆಪಲ್ ಖರೀದಿಗಳಲ್ಲಿ ಅದೇ ಅತಿ ದೊಡ್ಡದು. 2016ರಲ್ಲಿ ಆಪಲ್ ತನ್ನದೇ ಏರ್‌ಪಾಡ್ಸ್ ಅನ್ನು ಮಾರುಕಟ್ಟೆಗೆ ತಂದಿತು. ಆಗ ಹುಟ್ಟಿದ ಪ್ರಶ್ನೆ ಇಂದಿಗೂ ಇದೆ: ಒಂದೇ ಮನೆಯಲ್ಲಿ ಎರಡು ಹೆಸರುಗಳೇಕೆ? ಬೀಟ್ಸ್ ಹೆಸರನ್ನು ನಿಲ್ಲಿಸಬಾರದೇಕೆ? ಇದು ಬರೀ ವ್ಯಾಪಾರದ ಪ್ರಶ್ನೆಯಂತೆ ತೋರುತ್ತದೆ. ಆದರೆ ಉತ್ತರ ಹುಡುಕಲು ಹೆಡ್‌ಫೋನಿನ ಚರಿತ್ರೆ ಮತ್ತು ಕಿವಿಯ ವಿಜ್ಞಾನ ಎರಡೂ ಬೇಕು.

ಅಡುಗೆಮನೆಯಿಂದ ಜೇಬಿಗೆ

1910ರಲ್ಲಿ ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆಯಲ್ಲಿ ಕೈಯಿಂದ ಹೆಡ್‌ಫೋನ್ ತಯಾರಿಸಿ ಅಲ್ಲಿನ ನೌಕಾಪಡೆಗೆ ಕೊಟ್ಟ. ಬಹುಕಾಲ ಇದು ರೇಡಿಯೊ ಮತ್ತು ಟೆಲಿಫೋನ್ ನಿರ್ವಾಹಕರ ಉಪಕರಣವಾಗಿಯೇ ಇತ್ತು. 1958ರಲ್ಲಿ ಜಾನ್ ಕಾಸ್ ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ರೂಪಿಸಿದ. 1979ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ ಹೆಡ್‌ಫೋನ್ ಬೀದಿಗಿಳಿಯಿತು.

ಇಂದಿನ ಬಹುಪಾಲು ಹೆಡ್‌ಫೋನುಗಳ ತತ್ತ್ವ ಸರಳ. ಒಂದು ಕಾಂತ, ಅದರ ಕ್ಷೇತ್ರದಲ್ಲಿ ಒಂದು ತಂತಿಸುರುಳಿ, ಸುರುಳಿಗೆ ಅಂಟಿಕೊಂಡ ತೆಳುವಾದ ಪೊರೆ. ಸುರುಳಿಯಲ್ಲಿ ವಿದ್ಯುತ್ ಸಂಕೇತ ಹರಿದಂತೆ ಪೊರೆ ಕಂಪಿಸಿ ಗಾಳಿಯಲ್ಲಿ ಶಬ್ದ ಮೂಡುತ್ತದೆ. ತತ್ತ್ವ ಒಂದೇ ಆಗಿರುವಾಗ ಕಂಪನಿಗಳ ನಡುವಿನ ವ್ಯತ್ಯಾಸ ಎಲ್ಲಿದೆ? ಯಾವ ಆವೃತ್ತಿಗೆ ಎಷ್ಟು ಒತ್ತು ಕೊಡಬೇಕೆಂಬ ಆಯ್ಕೆಯಲ್ಲಿದೆ.

ಮಂದ್ರದ ಆಕರ್ಷಣೆ

ಸಂಗೀತಗಾರ ಡಾಕ್ಟರ್ ಡ್ರೆ ಮತ್ತು ಧ್ವನಿಮುದ್ರಣ ಉದ್ಯಮಿ ಜಿಮ್ಮಿ ಐವೀನ್ 2006ರಲ್ಲಿ ಬೀಟ್ಸ್ ಸ್ಥಾಪಿಸಿದರು. 2008ರಲ್ಲಿ ಮೊದಲ ಹೆಡ್‌ಫೋನ್ ಬಂತು. ಅದನ್ನು ತಯಾರಿಸಿದ್ದು ಮಾನ್‌ಸ್ಟರ್ ಕಂಪನಿ. 2011ರಲ್ಲಿ ತೈವಾನಿನ ಎಚ್‌ಟಿಸಿ ಫೋನ್ ಕಂಪನಿ ಬೀಟ್ಸ್‌ನ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕೊಂಡಿತು. 2013ರ ವೇಳೆಗೆ ಎಲ್ಲವನ್ನೂ ಮರಳಿಸಿತು.

ಬೀಟ್ಸ್‌ನಲ್ಲಿ ಮಂದ್ರ ಧ್ವನಿ ವಿಪರೀತ ಎಂದು ಶ್ರವಣ ತಜ್ಞರು ಟೀಕಿಸಿದರು. ಯುವಜನರು ಅದನ್ನೇ ಮೆಚ್ಚಿದರು. ಇದಕ್ಕೆ ಒಂದು ವೈಜ್ಞಾನಿಕ ಹಿನ್ನೆಲೆಯಿದೆ. ನಮ್ಮ ಕಿವಿ ಎಲ್ಲ ಆವೃತ್ತಿಗಳನ್ನೂ ಸಮನಾಗಿ ಕೇಳುವುದಿಲ್ಲವೆಂದು 1933ರಲ್ಲಿಯೇ ಫ್ಲೆಚರ್ ಮತ್ತು ಮುನ್ಸನ್ ಅಳೆದು ತೋರಿಸಿದ್ದರು. ಇಂದಿನ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 1000 ಹರ್ಟ್ಜ್‌ನ 40 ಡೆಸಿಬೆಲ್ ಧ್ವನಿಯಷ್ಟೇ ಜೋರಾಗಿ ಕೇಳಬೇಕಾದರೆ 100 ಹರ್ಟ್ಜ್‌ನ ಧ್ವನಿ ಸುಮಾರು 64 ಡೆಸಿಬೆಲ್ ಇರಬೇಕು. ಆದ್ದರಿಂದ ಮೆಲುದನಿಯಲ್ಲಿ ಕೇಳುವಾಗ ಮಂದ್ರವನ್ನು ತುಸು ಹೆಚ್ಚಿಸಿದರೆ ಸಂಗೀತ ತುಂಬಿಕೊಂಡಂತೆ ಭಾಸವಾಗುತ್ತದೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲೂ ಹೆಚ್ಚಿನ ಕೇಳುಗರು ಸ್ವಲ್ಪ ಹೆಚ್ಚಿನ ಮಂದ್ರವನ್ನೇ ಇಷ್ಟಪಟ್ಟರು. ಅಂದರೆ ಬೀಟ್ಸ್ ಹಿಡಿದ ದಾರಿ ತಪ್ಪಲ್ಲ, ತಕರಾರು ಇದ್ದದ್ದು ಪ್ರಮಾಣದ ಬಗ್ಗೆ.

ಖರೀದಿಯ ನಂತರ

ಆಪಲ್ ಕೈಗೆ ಬಂದದ್ದು ಎರಡು: ಹೆಡ್‌ಫೋನ್ ವ್ಯವಹಾರ ಮತ್ತು 2014ರ ಜನವರಿಯಲ್ಲಷ್ಟೇ ಆರಂಭವಾಗಿದ್ದ ಬೀಟ್ಸ್ ಮ್ಯೂಸಿಕ್ ಸೇವೆ. 2015ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಬಂತು; ಅದೇ ನವೆಂಬರ್‌ನಲ್ಲಿ ಬೀಟ್ಸ್ ಮ್ಯೂಸಿಕ್ ಮುಚ್ಚಿತು. ಹೆಸರು ಹೋಯಿತು, ಕೆಲಸ ಮುಂದುವರಿಯಿತು.

ಹೆಡ್‌ಫೋನ್ ಕತೆ ಬೇರೆ. 2016ರಲ್ಲಿ ಏರ್‌ಪಾಡ್ಸ್‌ನಲ್ಲಿದ್ದ ಡಬ್ಲ್ಯು1 ಚಿಪ್ಪನ್ನೇ ಬೀಟ್ಸ್‌ನ ಕೆಲವು ಮಾದರಿಗಳಿಗೂ ಅಳವಡಿಸಲಾಯಿತು. 2021ರ ಸ್ಟುಡಿಯೊ ಬಡ್ಸ್ ಮಾತ್ರ ಆಪಲ್ ಚಿಪ್ಪನ್ನು ಬಿಟ್ಟು, ಆಂಡ್ರಾಯ್ಡ್ ಫೋನುಗಳಿಗೂ ಅಷ್ಟೇ ಸುಲಭವಾಗಿ ಜೋಡಿಸಲು ಬರುವಂತೆ ತಯಾರಾಯಿತು. 2025ರ ಫೆಬ್ರುವರಿಯಲ್ಲಿ ಬಂದ ಪವರ್‌ಬೀಟ್ಸ್ ಪ್ರೊ 2ರಲ್ಲಿ ಹೃದಯ ಬಡಿತ ಅಳೆಯುವ ಸಂವೇದಕವಿತ್ತು. ಏರ್‌ಪಾಡ್ಸ್‌ಗೆ ಆ ಸೌಲಭ್ಯ ಬಂದದ್ದು ಅದೇ ಸೆಪ್ಟೆಂಬರ್‌ನಲ್ಲಿ.

ಎರಡು ವಾದಗಳು

ಹೆಸರನ್ನು ಕೈಬಿಡಬೇಕೆನ್ನುವವರ ವಾದದಲ್ಲಿ ಹುರುಳಿದೆ. ಒಂದೇ ಕಂಪನಿಯ ಎರಡು ತಂಡಗಳು ಒಂದೇ ಬಗೆಯ ವಸ್ತುವನ್ನು ರೂಪಿಸುವುದು ದುಂದು. ಒಳಗಿನ ಚಿಪ್ಪು ಒಂದೇ ಆಗಿ ಹೊರಗಿನ ಬಣ್ಣವಷ್ಟೇ ಬೇರೆಯಾದರೆ ಕೊಳ್ಳುವವನಿಗೆ ಗೊಂದಲ. ಉಳಿಸಬೇಕೆನ್ನುವವರು ಹೇಳುವುದು: ಏರ್‌ಪಾಡ್ಸ್ ಆಂಡ್ರಾಯ್ಡ್ ಫೋನಿಗೆ ಬ್ಲೂಟೂತ್ ಮೂಲಕ ಜೋಡಿಯಾದರೂ ಅದರ ಹಲವು ಸೌಲಭ್ಯಗಳು ಅಲ್ಲಿ ದೊರೆಯುವುದಿಲ್ಲ, ಬೀಟ್ಸ್ ಆ ಕೊರತೆಯನ್ನು ತುಂಬುತ್ತದೆ.

ಇಲ್ಲಿ ಇನ್ನೊಂದು ಉದಾಹರಣೆ ನೋಡೋಣ. ಆಸ್ಟ್ರಿಯದ ಎಕೆಜಿ 1947ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಪ್ರಸಿದ್ಧ ಸಂಸ್ಥೆ. ಅದರ ಒಡೆತನ ಹರ್ಮನ್‌ಗೆ ಸೇರಿತು; 2017ರಲ್ಲಿ ಹರ್ಮನ್ ಕಂಪನಿಯನ್ನೇ ಸ್ಯಾಮ್‌ಸಂಗ್ ಕೊಂಡಿತು. ಅದೇ ವರ್ಷ ವಿಯೆನ್ನಾದ ಕಚೇರಿ ಮುಚ್ಚಿತು. ಅಲ್ಲಿನ ಎಂಜಿನಿಯರುಗಳು ಆಸ್ಟ್ರಿಯನ್ ಆಡಿಯೊ ಎಂಬ ಹೊಸ ಸಂಸ್ಥೆ ಕಟ್ಟಿದರು. ಸ್ಯಾಮ್‌ಸಂಗ್ ಫೋನಿನ ಜೊತೆಗೆ ಬಂದ ಇಯರ್‌ಫೋನಿನ ಮೇಲೆ ಎಕೆಜಿ ಹೆಸರು ಮಾತ್ರ ಉಳಿಯಿತು.

ಬೀಟ್ಸ್ ಮ್ಯೂಸಿಕ್‌ನಲ್ಲಿ ಹೆಸರು ಅಳಿದು ಕೆಲಸ ಉಳಿಯಿತು. ಎಕೆಜಿಯಲ್ಲಿ ಹೆಸರು ಉಳಿದು, ಅದಕ್ಕೆ ಕೀರ್ತಿ ತಂದ ಕೈಗಳು ಬೇರೆಡೆ ಹೋದವು. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಈ ಹೆಸರಿನ ಅಡಿಯಲ್ಲಿ ಬೇರೆ ಹೆಸರು ಮಾಡಲಾಗದ ಕೆಲಸವೇನಾದರೂ ನಡೆಯುತ್ತಿದೆಯೇ? ಯಾವ ಫೋನಿನವರಿಗಾದರೂ ಸಮನಾಗಿ ಒದಗುವ ಸಾಧನವನ್ನು ಬೀಟ್ಸ್ ಕೊಡುವವರೆಗೆ ಅದು ಉಳಿಯುವುದು ನ್ಯಾಯ. ಕವಚವಷ್ಟೇ ಬೇರೆಯಾದ ದಿನ ಅದನ್ನು ಗೌರವದಿಂದ ನಿಲ್ಲಿಸಬಹುದು. ಆದರೆ ಆಗಲೂ ಈಗಾಗಲೇ ಕೊಂಡವರಿಗೆ ಬ್ಯಾಟರಿ, ಬಿಡಿಭಾಗ, ತಂತ್ರಾಂಶದ ಪರಿಷ್ಕರಣೆ ಸಿಗುತ್ತಿರಬೇಕು. ಹೆಸರು ನಿವೃತ್ತಿಯಾಗಬಹುದು, ಹೊಣೆ ಆಗಬಾರದು.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಮೊಬೈಲಿನ ಉಚಿತ ತಂತ್ರಾಂಶವೊಂದರಿಂದ 100 ಮತ್ತು 1000 ಹರ್ಟ್ಜ್ ಧ್ವನಿಗಳನ್ನು ಒಂದೇ ಮಟ್ಟದಲ್ಲಿ, ಮೆಲ್ಲನೆ, ಹೆಡ್‌ಫೋನಿನಲ್ಲಿ ಕೇಳಿಸಿ. ಯಾವುದು ಹೆಚ್ಚು ಜೋರು ಎಂದು ಮಕ್ಕಳೇ ಹೇಳಲಿ. ಬೇರೆ ಬೇರೆ ಕಂಪನಿಯ ಹೆಡ್‌ಫೋನುಗಳಲ್ಲಿ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಲಿ. ಪೆಟ್ಟಿಗೆಯ ಮೇಲಿನ ಹೆಸರಿನ ಬೆಲೆ ಎಷ್ಟು, ಒಳಗಿನ ಆಯ್ಕೆಯ ಬೆಲೆ ಎಷ್ಟು ಎಂಬುದು ಆಗ ತಾನಾಗಿ ತಿಳಿಯುತ್ತದೆ.