ನದೀಮೂಲ ಕೇಳುವವರು

ಟಿವಿ ಚರ್ಚೆಗಳಲ್ಲಿ ಈಚೆಗೆ ಎರಡು ಮಾತುಗಳು ಜೋಡಿಯಾಗಿ ಕೇಳಿಬರುತ್ತಿವೆ: ‘ಬೇಸಿಕಲಿ’ಗೆ ಬದಲಾಗಿ ಪ್ರತಿ ವಾಕ್ಯದ ನೆತ್ತಿಗೂ ಹಚ್ಚುವ ‘ಮೂಲಭೂತವಾಗಿ’ ಎಂಬುದು ಒಂದು, ಎದುರಾಳಿಯ ಬಾಯಿ ಮುಚ್ಚಿಸಲು ಎಸೆಯುವ ‘ಮೂಲಭೂತವಾದಿ’ ಎಂಬುದು ಇನ್ನೊಂದು. ಹಕ್ಕಿಗೂ ಸೌಕರ್ಯಕ್ಕೂ ವಿಶೇಷಣವಾಗಿ ಮರ್ಯಾದೆಯಿಂದ ಬಾಳಿದ ‘ಮೂಲಭೂತ’ವು ‘ವಾದಿ’ಯನ್ನು ಕೂಡಿದ ಕೂಡಲೇ ಬೈಗುಳವಾಗಿದೆ, ಕಾಗುಣಿತ ತಿದ್ದುವವರನ್ನೂ ಊಟದಲ್ಲಿ ಈರುಳ್ಳಿ ಒಲ್ಲೆನೆನ್ನುವವರನ್ನೂ ಹೀಗೆ ಕರೆಯುವಷ್ಟು ಅದರ ಅಲಗು ಮೊಂಡಾಗಿದೆ.

‘ಮೂಲಭೂತವಾದಿ’ ಎಂಬುದು ‘ಫಂಡಮೆಂಟಲಿಸ್ಟ್’ ಎಂಬುದರ ಕನ್ನಡ ರೂಪವಾಗಿದ್ದು, ಆ ಇಂಗ್ಲಿಷ್ ಪದ ಹುಟ್ಟಿದಾಗ ಅದರಲ್ಲಿ ನಿಂದೆಯ ಸುಳಿವೂ ಇರಲಿಲ್ಲ. ಬೈಬಲನ್ನು ಇತಿಹಾಸದ ದಾಖಲೆಯಂತೆ ವಿಮರ್ಶಿಸುವ ಜರ್ಮನ್ ವಿದ್ವತ್ತಿಗೂ ಡಾರ್ವಿನ್ನನ ವಿಕಾಸವಾದಕ್ಕೂ ಉತ್ತರವಾಗಿ ಅಮೆರಿಕದಲ್ಲಿ 1910ರಿಂದ 1915ರವರೆಗೆ ‘ದಿ ಫಂಡಮೆಂಟಲ್ಸ್’ ಎಂಬ 12 ಸಂಪುಟಗಳು, 90 ಲೇಖನಗಳೊಡನೆ ಪ್ರಕಟವಾದವು. ಅವುಗಳನ್ನು ಪಾದ್ರಿಗಳಿಗೂ ಮಿಷನರಿಗಳಿಗೂ ಪುಕ್ಕಟೆಯಾಗಿ ಹಂಚುವ ಖರ್ಚನ್ನು ಕ್ಯಾಲಿಫೋರ್ನಿಯಾದ ತೈಲೋದ್ಯಮಿ ಲೈಮನ್ ಸ್ಟುವರ್ಟ್ ಮತ್ತು ಅವನ ಸಹೋದರ ಮಿಲ್ಟನ್ ಹೊತ್ತರು. ನೆಲವನ್ನು ಆಳಕ್ಕೆ ಕೊರೆದು ಹಣ ಕಂಡವನು ಧರ್ಮದಲ್ಲೂ ತಳವನ್ನೇ ಹುಡುಕಿದ್ದು ಸಹಜವೇ. 1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕೆಯ ಸಂಪಾದಕ ಕರ್ಟಿಸ್ ಲೀ ಲಾಸ್ ‘ಫಂಡಮೆಂಟಲಿಸ್ಟ್’ ಎಂಬ ಹೆಸರನ್ನು ತನ್ನವರಿಗೆ ಬಿರುದಿನಂತೆ ತೊಡಿಸಿದನು; ವಿಕಾಸವಾದ ಕಲಿಸಿದ್ದಕ್ಕಾಗಿ 1925ರಲ್ಲಿ ಟೆನೆಸ್ಸಿಯ ಡೇಟನ್ ಊರಿನ ಶಿಕ್ಷಕ ಸ್ಕೋಪ್ಸನಿಗೆ 100 ಡಾಲರ್ ದಂಡ ಬಿದ್ದ ಮೇಲೆ, ಪತ್ರಿಕೆಗಳ ಗೇಲಿಯಲ್ಲಿ ಬಿರುದು ಬೈಗುಳದ ಕಡೆಗೆ ಹೊರಳಿತು.

‘ಋಷಿಮೂಲ, ನದೀಮೂಲ ಕೇಳಬಾರದು’ ಎಂಬ ಗಾದೆ ಈ ಪದಕ್ಕೆ ನಿಘಂಟಿಗಿಂತ ಒಳ್ಳೆಯ ವ್ಯಾಖ್ಯಾನ. ಋಷಿಯ ಹುಟ್ಟನ್ನು ಕೆದಕಿದರೆ ಮುಜುಗರವಾದೀತೆಂದು ಎಲ್ಲರೂ ವಿವರಿಸುತ್ತಾರೆ, ನದಿಯ ಪಾಲಿನ ಅರ್ಧವನ್ನು ಮಾತ್ರ ಹಾಗೆಯೇ ಬಿಟ್ಟುಬಿಡುತ್ತಾರೆ. ತಲಕಾವೇರಿಗೆ ಹೋದವರಿಗೆ ಮೊದಲು ಕಾಣುವುದು ಎರಡು ಕೈಯಲ್ಲಿ ಬಳಸಬಹುದಾದಂಥ ಪುಟ್ಟ ಕುಂಡಿಕೆ. ಮಳೆಗಾಲ ಕಳೆದ ಮೇಲೆ ಅಲ್ಲಿಂದ ಹೊಳೆಗೆ ಇಳಿಯುವ ನೀರು ಕಣ್ಣಿಗೆ ಬೀಳುವುದೇ ಇಲ್ಲ, ಅದು ನೆಲದೊಳಗೆ ಹರಿದು ಕೆಳಗೆಲ್ಲೋ ಮೇಲೇಳುತ್ತದೆಂಬುದು ಭಕ್ತರ ನಂಬಿಕೆ. ಸುಮಾರು ಎಂಟು ಕಿಲೋಮೀಟರಿನಾಚೆ ಭಾಗಮಂಡಲದಲ್ಲಿ ಕನ್ನಿಕೆ ಬಂದು ಕೂಡುತ್ತಾಳೆ, ಕನ್ನಂಬಾಡಿಯ ಹಿನ್ನೀರಿನಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ ಸೇರುತ್ತವೆ, ತಿರುಮಕೂಡಲಿನಲ್ಲಿ ಕಪಿಲೆ ಸೇರುತ್ತಾಳೆ. ಅಲ್ಲಿಂದ ಮುಂದೆ ಬೊಗಸೆಯಲ್ಲೆತ್ತಿದ ನೀರಿನಲ್ಲಿ ಕುಂಡಿಕೆಯದೆಷ್ಟೆಂದು ಕೇಳುವುದು ಹುಚ್ಚಾದೀತು. ಆದರೂ ನಡುಹೊಳೆಯಲ್ಲಿ ಕಾಲು ಸೋಲುತ್ತಿರುವವನಿಗೆ ಕಣ್ಣಳತೆಯಲ್ಲಿ ಹಿಡಿಯುವ ಕುಂಡಿಕೆಯ ನೆನಪೇ ಧೈರ್ಯ ಕೊಡುತ್ತದೆ. ಮೂಲಭೂತವಾದಿಗಳ ಕುಂಡಿಕೆಯೂ ಅಷ್ಟೇ ಪುಟ್ಟದು: 1910ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ ಅತ್ಯಗತ್ಯವೆಂದು ಸಾರಿದ ಸಿದ್ಧಾಂತಗಳು ಐದೇ, ಅಂದರೆ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು.

ಧೈರ್ಯದ ಜೊತೆಗೆ ಬಳಗವೂ ದೊರೆಯುತ್ತದೆ. ಕಟ್ಟುನಿಟ್ಟಿನ ಚರ್ಚುಗಳು ಸೊರಗದೆ ಬಲಿಯುವುದೇಕೆಂದು 1994ರಲ್ಲಿ ವಿಚಾರ ಮಾಡಿದ ಅರ್ಥಶಾಸ್ತ್ರಜ್ಞ ಲಾರೆನ್ಸ್ ಇಯಾನಕೋನ್, ನೇಮ ಬಿಗಿಯಾದಷ್ಟೂ ಉಂಡೂ ಹೋದ ಕೊಂಡೂ ಹೋದ ಎನ್ನುವಂಥವರು ತಾವಾಗಿಯೇ ದೂರವಾಗಿ, ಉಳಿದವರು ಒಬ್ಬರಿಗೊಬ್ಬರು ನಿಜವಾಗಿ ಆಗುತ್ತಾರೆಂದು ವಾದಿಸಿದರು.

ವ್ಯಾಕರಣ ಏನೇ ಹೇಳಲಿ, ಕನ್ನಡದ ಕಿವಿ ‘ಮೂಲಭೂತ’ದಲ್ಲಿ ಭೂತಕಾಲವನ್ನೂ ಕೇಳಿಸಿಕೊಳ್ಳುತ್ತದೆಂಬುದು, ಮತ್ತು ಹಾಗೆ ಕೇಳಿಸಿಕೊಳ್ಳುವ ಕಿವಿಯೇ ಸರಿಯೆಂಬುದು ಈ ಅಂಕಣದ ಹಟ, ಏಕೆಂದರೆ ಜನರನ್ನು ಸೆಳೆಯುವ ಹೊತ್ತಿನಲ್ಲಿ ಮೂಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಭೂತವೇ, ಅಂದರೆ ಮುಗಿದುಹೋಗಿರುವುದರಿಂದ ಇನ್ನು ಕೈಕೊಡಲಾರದ ಕಾಲ. ಹಾಗೆಂದು ಆ ಕಾಲವೂ ಎಣಿಸಿದಷ್ಟು ತಿಳಿಯಾಗಿರಲಿಲ್ಲ. ‘ದಿ ಫಂಡಮೆಂಟಲ್ಸ್’ನ ಆ 90 ಲೇಖನಗಳ ಕರ್ತೃಗಳಲ್ಲಿದ್ದ ಜೇಮ್ಸ್ ಓರ್ ಮತ್ತು ಜಾರ್ಜ್ ಫ್ರೆಡೆರಿಕ್ ರೈಟ್ ವಿಕಾಸವಾದಕ್ಕೂ ಒಂದಿಷ್ಟು ಎಡೆ ಬಿಟ್ಟುಕೊಟ್ಟಿದ್ದರು. ಕುಂಡಿಕೆಯೆಂದು ನಂಬಿ ಆ ಸಂಪುಟಗಳನ್ನು ಬಿಚ್ಚಿದವರು ಆಗಲೇ ಭಾಗಮಂಡಲವನ್ನು ದಾಟಿ ಬಂದಿರುತ್ತಾರೆ.