ಕುಸ್ತಿಯ ಟೇಪುಗಳು ಉಳಿದ ಬಗೆ

ಒಂದು ಕೃತಿಯು ಕಾಲವನ್ನು ದಾಟಿ ಬರಬೇಕಾದರೆ ಅದನ್ನು ರಚಿಸಿದವನ ಪ್ರತಿಭೆಯೊಂದೇ ಸಾಲದು. ಅದನ್ನು ಪ್ರತಿಮಾಡಿ ಇಟ್ಟವನ ಶ್ರಮವೂ ಬೇಕು. ಓಲೆಗರಿಯ ಕಾಲವನ್ನು ಬಲ್ಲ ಕನ್ನಡಿಗರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಅರಮನೆಯ ಭಂಡಾರದಲ್ಲಿದ್ದ ಪ್ರತಿಯು ಹುಳು ಹಿಡಿದು ಹೋದರೂ, ಯಾವುದೋ ಹಳ್ಳಿಯ ಮನೆಯ ಅಟ್ಟದ ಮೇಲೆ ಹೊಗೆಯಿಂದ ಕಪ್ಪಾದ ಕಟ್ಟೊಂದರಲ್ಲಿ ಅದೇ ಕಾವ್ಯವು ಉಳಿದಿರುವುದುಂಟು. ಈ ನಿಯಮವು ಬರಹಕ್ಕೆ ಮಾತ್ರ ಸಲ್ಲತಕ್ಕುದಲ್ಲ. ಅಮೆರಿಕ ಮತ್ತು ಜಪಾನು ದೇಶಗಳ ಕುಸ್ತಿಯ ವೀಡಿಯೋಗಳು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಬಂದ ಚರಿತ್ರೆಯಲ್ಲಿಯೂ ಇದೇ ಕಾಣುತ್ತದೆ.

ಈ ಕುಸ್ತಿಯು ಗರಡಿಮನೆಯ ಮಟ್ಟಿಯ ಕುಸ್ತಿಯಿಂದ ಬೇರೆಯಾದುದು. ಹಗ್ಗಗಳನ್ನು ಬಿಗಿದ ಚೌಕದೊಳಗೆ ಮಲ್ಲರಿಬ್ಬರು ಸೆಣಸುವರು. ಗೆಲ್ಲುವವನು ಯಾರೆಂಬುದು ಮೊದಲೇ ನಿಶ್ಚಯವಾಗಿರುವುದು. ಇಷ್ಟನ್ನು ಕೇಳಿದೊಡನೆ ಇದು ಬರಿಯ ಮೋಸವೆಂದು ತಳ್ಳಿಬಿಡುವವರುಂಟು. ಆದರೆ ಗದಾಯುದ್ಧದ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುವುದೆಂದು ಆಟ ನೋಡಲು ಕುಳಿತವರೆಲ್ಲರಿಗೂ ತಿಳಿದೇ ಇರುತ್ತದೆ. ಆದರೂ ಬೆಳಗಿನ ಜಾವದವರೆಗೆ ಅವರು ಏಳುವುದಿಲ್ಲ. ಪಾತ್ರಧಾರಿಯು ಆ ಕೊನೆಯನ್ನು ಮುಟ್ಟುವ ದಾರಿಯೇ ಅವರಿಗೆ ಮುಖ್ಯ. ಈ ಕುಸ್ತಿಯ ರಸಿಕರಿಗೂ ಹಾಗೆಯೇ. ಫಲವು ಗೊತ್ತಾಗಿದ್ದರೂ ಬೆನ್ನು ಕೊರಳುಗಳು ನಿಜವಾಗಿಯೇ ನೆಲಕ್ಕೆ ಬಡಿಯುವುವು. ಹಿಡಿತ ಬಿಡಿತಗಳಲ್ಲಿ ಬಹುಪಾಲು ಆ ಕ್ಷಣದಲ್ಲಿಯೇ ಹುಟ್ಟುವುವು. ಆ ರಾತ್ರಿಯ ಆಟವು ಆ ರಾತ್ರಿಗೇ ಮುಗಿಯಿತು. ಚಿತ್ರ ತೆಗೆದಿಡದಿದ್ದರೆ ಅದನ್ನು ಮತ್ತೆ ಕಾಣುವ ಮಾರ್ಗವಿಲ್ಲ.

೧೯೮೬ನೆಯ ಇಸವಿ ಅಕ್ಟೋಬರ್ ೭ರಂದು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಟಾಮ್ ಮೆಗೀ, ಬ್ರೆಟ್ ಹಾರ್ಟ್ ಎಂಬ ಕೆನಡಾದ ಇಬ್ಬರು ಮಲ್ಲರು ಎದುರಾದರು. ಮೆಗೀಯು ಭಾರವೆತ್ತುವುದರಲ್ಲಿ ಹೆಸರಾದ ಆಜಾನುಬಾಹು, ಕುಸ್ತಿಗೆ ಹೊಸಬ. ಹಾರ್ಟನಾದರೋ ಮಲ್ಲರ ಮನೆತನದಲ್ಲಿಯೇ ಹುಟ್ಟಿ ಬೆಳೆದವನು. ಗೆಲವು ಮೆಗೀಗೆಂದು ಗೊತ್ತಾಗಿತ್ತು. ಅಂದಿನ ಆಟವನ್ನು ನೋಡಿದ ಕಂಪೆನಿಯ ಒಡೆಯನು ತನಗೆ ಮುಂದಿನ ಮಹಾಮಲ್ಲನು ದೊರಕಿದನೆಂದು ಹಿಗ್ಗಿದನೆಂಬ ಕಥೆಯು ಕುಸ್ತಿಯ ವಲಯಗಳಲ್ಲಿ ಹರಡಿತು. ಆದರೆ ಇತರ ಮಲ್ಲರೊಡನೆ ಮೆಗೀಯು ಕಾದಿದಾಗ ಆ ಸೊಗಸು ಕಾಣಲಿಲ್ಲ. ಅಂದು ಗೆದ್ದವನನ್ನು ಮಹಾವೀರನಂತೆ ತೋರಿಸಿದುದು ಸೋತವನ ಕೌಶಲವೆಂದು ಬಲ್ಲವರು ತೀರ್ಮಾನಿಸಿದರು. ಆ ಕಾಳಗವು ದೂರದರ್ಶನದಲ್ಲಿ ಪ್ರಸಾರವಾಗಿರಲಿಲ್ಲ. ಟೇಪು ಎಲ್ಲಿಯೂ ಸಿಕ್ಕಲಿಲ್ಲ. ಮೂವತ್ತೆರಡು ವರ್ಷಗಳಿಗೂ ಮಿಕ್ಕ ಕಾಲ ಅದು ಬರಿಯ ಕರ್ಣಾಕರ್ಣಿಯಾಗಿಯೇ ಉಳಿಯಿತು.

ಹೀಗೆ ಕಳೆದುಹೋದ ಕಾಳಗವು ಇದೊಂದೇ ಅಲ್ಲ. ಅಮೆರಿಕದಲ್ಲಿ ದೂರದರ್ಶನವು ಮನೆಮನೆಗೆ ಬರುತ್ತಿದ್ದ ದಿನಗಳಲ್ಲಿ ಕುಸ್ತಿಯು ಅದರ ಮುಖ್ಯ ಆಕರ್ಷಣೆಗಳಲ್ಲಿ ಒಂದಾಗಿತ್ತು. ಡ್ಯೂಮಾಂಟ್ ಎಂಬ ಪ್ರಸಾರ ಸಂಸ್ಥೆಯು ೧೯೪೯ರಿಂದ ಷಿಕಾಗೋ ನಗರದ ಮಾರಿಗೋಲ್ಡ್ ಎಂಬಲ್ಲಿ ನಡೆಯುತ್ತಿದ್ದ ಕುಸ್ತಿಗಳನ್ನು ದೇಶಕ್ಕೆಲ್ಲ ತೋರಿಸುತ್ತಿದ್ದಿತು. ಆಗ ಟೇಪು ಇನ್ನೂ ಬಳಕೆಗೆ ಬಂದಿರಲಿಲ್ಲ. ದೂರದರ್ಶನದ ತೆರೆಯ ಮುಂದೆಯೇ ಕ್ಯಾಮರಾವನ್ನಿಟ್ಟು ಫಿಲ್ಮಿಗೆ ಇಳಿಸಿಕೊಳ್ಳುತ್ತಿದ್ದರು. ೧೯೫೬ರಲ್ಲಿ ಡ್ಯೂಮಾಂಟ್ ಜಾಲವು ಮುಚ್ಚಿತು. ಅದರ ಫಿಲ್ಮುಗಳಲ್ಲಿ ಬಹುಭಾಗವನ್ನು ೧೯೭೦ರ ದಶಕದಲ್ಲಿ ಲಾರಿಗಳಲ್ಲಿ ತುಂಬಿ ನ್ಯೂಯಾರ್ಕಿನ ಕೊಲ್ಲಿಯಲ್ಲಿ ಮುಳುಗಿಸಿದರೆಂದು ಈಡೀ ಆಡಮ್ಸ್ ಎಂಬ ನಟಿಯು ೧೯೯೬ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯದ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದಳು. ೧೯೫೬ರಲ್ಲಿ ವೀಡಿಯೋ ಟೇಪು ಬಂದ ಮೇಲೆ ಸ್ಥಿತಿಯು ಸುಧಾರಿಸಬೇಕಾಗಿತ್ತು, ನಡೆದುದು ಬೇರೆ. ಟೇಪಿನ ಬೆಲೆ ವಿಪರೀತವಾಗಿದ್ದುದರಿಂದ, ಒಮ್ಮೆ ಪ್ರಸಾರವಾದುದನ್ನು ಅಳಿಸಿ ಅದರ ಮೇಲೆಯೇ ಮುಂದಿನ ಕಾರ್ಯಕ್ರಮವನ್ನು ತುಂಬುವುದು ವಾಡಿಕೆಯಾಯಿತು. ಸೇಂಟ್ ಲೂಯಿಸ್ ನಗರದ ಚೇಸ್ ಹೋಟೆಲಿನಲ್ಲಿ ೧೯೫೯ರಿಂದ ೧೯೮೩ರವರೆಗೆ ನಡೆದ ಪ್ರಸಿದ್ಧ ಕಾರ್ಯಕ್ರಮದ ಹಳೆಯ ಕಂತುಗಳು ಬಹುಮಟ್ಟಿಗೆ ದೊರೆಯದಿರುವುದಕ್ಕೆ ಈ ಮಿತವ್ಯಯವೇ ಕಾರಣ. ಒಡೆಯರ ದೃಷ್ಟಿಯಲ್ಲಿ ಅದು ಕಳೆದ ವಾರದ ವರ್ತಮಾನಪತ್ರಿಕೆ. ಅದರಲ್ಲಿ ಇನ್ನು ಹಣವಿಲ್ಲ.

ಒಡೆಯರು ಬಿಟ್ಟುದನ್ನು ನೋಡುಗರು ಹಿಡಿದುಕೊಂಡರು. ೧೯೭೫ರಲ್ಲಿ ಬೀಟಾಮ್ಯಾಕ್ಸ್, ೧೯೭೬ರಲ್ಲಿ ವಿ.ಎಚ್.ಎಸ್. ಎಂಬ ಮನೆಬಳಕೆಯ ಯಂತ್ರಗಳು ಬಂದುವು. ಅಂದಿನಿಂದ ಕುಸ್ತಿಯ ಹುಚ್ಚುಳ್ಳವರು ತಮ್ಮ ಊರಿನ ಪ್ರಸಾರವನ್ನು ಟೇಪಿಗೆ ಇಳಿಸಿ, ಊರು, ತೇದಿ, ಮಲ್ಲರ ಹೆಸರುಗಳನ್ನು ಬರೆದು ಕಪಾಟಿನಲ್ಲಿಡತೊಡಗಿದರು. ಹೀಗೆ ತಮ್ಮ ಮನೆಯಲ್ಲಿ ಅನಂತರ ನೋಡಿಕೊಳ್ಳಲು ಇಳಿಸಿಕೊಳ್ಳುವುದು ಅಪರಾಧವಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೮೪ರಲ್ಲಿ ತೀರ್ಪಿತ್ತಿತು. ಪ್ರತಿಗಳನ್ನು ಹಂಚುವುದಕ್ಕೆ ಆ ತೀರ್ಪು ಅಪ್ಪಣೆ ಕೊಡಲಿಲ್ಲ. ಆದರೂ ಅಭಿಮಾನಿಗಳು ಪಟ್ಟಿಗಳನ್ನು ಮಾಡಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳುಹಿಸಿ, ಟೇಪಿಗೆ ಟೇಪನ್ನು ವಿನಿಮಯ ಮಾಡಿಕೊಂಡರು. ಕ್ಯಾಲಿಫೋರ್ನಿಯದ ಡೇವ್ ಮೆಲ್ಟ್ಜರನ ‘ರೆಸ್ಲಿಂಗ್ ಅಬ್ಸರ್ವರ್’ ಮೊದಲಾದ ಪತ್ರಿಕೆಗಳು ಎಲ್ಲಿ ಯಾವ ಕಾಳಗವು ಉತ್ತಮವಾಗಿತ್ತೆಂದು ತಿಳಿಸಿ, ಹುಡುಕುವವರಿಗೆ ದಾರಿ ತೋರಿದುವು.

ಜಪಾನಿನ ಕುಸ್ತಿಯು ಅಮೆರಿಕವನ್ನು ಮುಟ್ಟಿದುದು ಈ ಅಂಚೆಯ ದಾರಿಯಿಂದಲೇ. ಅಲ್ಲಿ ೧೯೫೪ರಲ್ಲಿ ರಿಕಿಡೋಝಾನನು ಅಮೆರಿಕದಿಂದ ಬಂದ ಷಾರ್ಪ್ ಸಹೋದರರೊಡನೆ ಕಾದಿದಂದಿನಿಂದ ಕುಸ್ತಿಯು ದೂರದರ್ಶನದ ಸಂಗಡವೇ ಬೆಳೆದಿತ್ತು. ಎರಡು ದೇಶಗಳ ದೂರದರ್ಶನವೂ ಎನ್.ಟಿ.ಎಸ್.ಸಿ. ಎಂಬ ಒಂದೇ ಪದ್ಧತಿಯಲ್ಲಿದ್ದುದರಿಂದ ಟೋಕಿಯೋದಲ್ಲಿ ಇಳಿಸಿದ ಟೇಪು ಅಮೆರಿಕದ ಯಂತ್ರದಲ್ಲಿ ಹಾಗೆಯೇ ಓಡುತ್ತಿತ್ತು. ಪಾಲ್ ಎಂಬ ಬೇರೆ ಪದ್ಧತಿಯುಳ್ಳ ಇಂಗ್ಲೆಂಡಿನ ಟೇಪಿಗೆ ಈ ಸೌಲಭ್ಯವಿರಲಿಲ್ಲ. ೧೯೮೧ರ ಏಪ್ರಿಲ್ ೨೩ರಂದು ಟೋಕಿಯೋದಲ್ಲಿ ಟೈಗರ್ ಮಾಸ್ಕ್ ಎಂಬ ಮುಖವಾಡದ ಮಲ್ಲನು ಡೈನಮೈಟ್ ಕಿಡ್ ಎಂಬವನೊಡನೆ ಆಡಿದ ಮೊದಲ ಕಾಳಗವನ್ನು, ಜಪಾನೀ ನುಡಿಯ ಒಂದಕ್ಷರವನ್ನೂ ಅರಿಯದ ಅಮೆರಿಕದ ತರುಣರು ಮತ್ತೆ ಮತ್ತೆ ನೋಡಿ ಬೆರಗಾದರು.

ಆದರೆ ಈ ವಿನಿಮಯಕ್ಕೆ ಎರಡು ದೋಷಗಳಿದ್ದುವು. ಮೊದಲನೆಯದು ಪ್ರತಿಯ ಕ್ಷಯ. ಲಿಪಿಕಾರನು ಪ್ರತಿಯಿಂದ ಪ್ರತಿಯನ್ನು ಮಾಡುವಾಗ ಅಕ್ಷರಗಳು ಜಾರುವಂತೆ, ಟೇಪಿನಿಂದ ಟೇಪಿಗೆ ಇಳಿಸಿದಾಗಲೆಲ್ಲ ಚಿತ್ರವು ಮಸಕಾಗುತ್ತಿತ್ತು, ಬಣ್ಣಗಳು ಒಂದರೊಳಗೊಂದು ಹರಡಿಕೊಳ್ಳುತ್ತಿದ್ದುವು. ನಾಲ್ಕೈದು ಕೈ ದಾಟಿದ ಪ್ರತಿಯಲ್ಲಿ ಮಲ್ಲನ ಮುಖವನ್ನು ಗುರುತಿಸುವುದೇ ಕಷ್ಟ. ಎರಡನೆಯ ದೋಷವು ಮನುಷ್ಯಸ್ವಭಾವದ್ದು. ವಿನಿಮಯದಲ್ಲಿ ಟೇಪಿಗೆ ಬೆಲೆ ಬಂದುದು ಅದು ದುರ್ಲಭವಾಗಿದ್ದುದರಿಂದ. ಅಪರೂಪದ ಕಾಳಗವೊಂದನ್ನು ಪಡೆದವನು ಅದನ್ನು ಎಲ್ಲರಿಗೂ ಕೊಟ್ಟರೆ ತನ್ನ ನಾಣ್ಯವನ್ನು ತಾನೇ ಸವೆಸಿದಂತೆ. ಆದುದರಿಂದ ಉಳಿಸಿದವರಲ್ಲಿಯೇ ಕೆಲವರು ಬಚ್ಚಿಡುವವರಾದರು. ಗ್ರಂಥದ ಕಟ್ಟನ್ನು ಪೂಜೆಗಿಟ್ಟು, ಓದಲು ಕೇಳಿದವರಿಗೆ ಬಿಚ್ಚಿ ತೋರಿಸದ ಮನೆಗಳು ಕನ್ನಡನಾಡಿನಲ್ಲಿಯೂ ಇದ್ದುವಷ್ಟೆ.

ಈ ಎರಡು ದೋಷಗಳನ್ನೂ ಬಹುಮಟ್ಟಿಗೆ ನೀಗಿಸಿದುದು ಇಂಟರ್ನೆಟ್ಟಿನ ಚಾಟ್ ಜಾಲ. ೧೯೮೮ರ ಆಗಸ್ಟಿನಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೋ ಓಯ್ಕರಿನೆನ್ ಎಂಬವನು ಐ.ಆರ್.ಸಿ. ಎಂಬ ವ್ಯವಸ್ಥೆಯನ್ನು ರಚಿಸಿದನು. ದೂರದೂರದ ಊರುಗಳವರು ಒಂದೇ ‘ಚಾನೆಲ್’ನಲ್ಲಿ ಸೇರಿ, ಬೆರಳಚ್ಚಿನ ಮೂಲಕ ಆ ಕ್ಷಣದಲ್ಲಿಯೇ ಮಾತನಾಡಿಕೊಳ್ಳುವುದಕ್ಕೆ ಅದು ಏರ್ಪಟ್ಟಿತ್ತು. ಮಾತಿಗಾಗಿ ಹುಟ್ಟಿದ ಈ ಜಾಲದಲ್ಲಿ, ಒಬ್ಬನ ಕಂಪ್ಯೂಟರಿನಿಂದ ಇನ್ನೊಬ್ಬನ ಕಂಪ್ಯೂಟರಿಗೆ ನೇರವಾಗಿ ಫೈಲನ್ನು ಕಳುಹಿಸುವ ಉಪಾಯವೂ ಬೇಗನೆ ಸೇರಿಕೊಂಡಿತು. ಅನಂತರ ‘ಬಾಟ್’ ಎಂಬ ಸ್ವಯಂಚಾಲಿತ ಕಾವಲುಗಾರರು ಬಂದರು. ಬಾಟು ತನ್ನಲ್ಲಿರುವ ವೀಡಿಯೋಗಳ ಪಟ್ಟಿಯನ್ನು ಸಂಖ್ಯೆ ಹಾಕಿ ಸಾರುವುದು. ಬೇಕಾದವನು ಆ ಸಂಖ್ಯೆಯನ್ನು ಬರೆದು ಕೇಳುವನು. ಕೇಳುವವರು ಹಲವರಾದರೆ ಸರದಿಯಲ್ಲಿ ಕಾಯುವನು. ಯಜಮಾನನು ನಿದ್ರಿಸುತ್ತಿದ್ದರೂ ಬಾಟು ಹಂಚುತ್ತಲೇ ಇರುವುದು.

ಇದು ಸುಲಭದ ಕೆಲಸವಾಗಿತ್ತೆಂದು ತಿಳಿಯಬಾರದು. ೧೯೯೦ರ ದಶಕದ ಕೊನೆಯಲ್ಲಿ ಮನೆಯ ಟೆಲಿಫೋನ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ೫೬ ಕಿಲೋಬಿಟ್ಟುಗಳಷ್ಟು ಹರಿಯುತ್ತಿತ್ತು. ವೀಡಿಯೋ ಸಿ.ಡಿ.ಯ ಗುಣಮಟ್ಟದಲ್ಲಿ ಅರ್ಧ ಗಂಟೆಯ ಕಾಳಗವೆಂದರೆ ಸುಮಾರು ೩೦೦ ಮೆಗಾಬೈಟು. ಅದು ಎಲ್ಲಿಯೂ ತಡೆಯಿಲ್ಲದೆ ಹರಿದು ಬಂದರೂ ೧೨ ಗಂಟೆ ಹಿಡಿಯುವುದು. ನಡುವೆ ತಂತಿಯ ಸಂಪರ್ಕ ಕಡಿದರೆ ಬಿಟ್ಟಲ್ಲಿಂದ ಮುಂದುವರಿಸಬೇಕು. ಆದುದರಿಂದ ಚಿತ್ರವನ್ನು ಕುಗ್ಗಿಸಿ ಅಂಚೆಚೀಟಿಗಿಂತ ಸ್ವಲ್ಪವೇ ದೊಡ್ಡದಾಗಿ ಕಾಣುವಂತೆ ಮಾಡಿ ಕಳುಹಿಸುತ್ತಿದ್ದರು. ಆದರೆ ಹೀಗೆ ಒಮ್ಮೆ ಸಂಖ್ಯೆಗಳಾಗಿ ಮಾರ್ಪಟ್ಟ ಚಿತ್ರವು ನೂರನೆಯ ಪ್ರತಿಯಲ್ಲಿಯೂ ಮೊದಲಿನಷ್ಟೇ ಇರುವುದು. ಕೊಟ್ಟವನಲ್ಲಿಯೂ ಉಳಿಯುವುದು, ಪಡೆದವನಲ್ಲಿಯೂ ಉಳಿಯುವುದು. ದೀಪದಿಂದ ದೀಪವನ್ನು ಹಚ್ಚಿದಂತೆ ಕೊಟ್ಟುದರಿಂದ ಕೊರತೆಯಿಲ್ಲವಾಯಿತು. ಬಚ್ಚಿಡುವುದಕ್ಕೆ ಇದ್ದ ಕಾರಣವೇ ಸಡಿಲವಾಯಿತು. ಅಂಚೆಯ ಕಾಲದಲ್ಲಿ ವಾರಗಟ್ಟಲೆ ಕಾಯಬೇಕಾಗಿದ್ದುದು ಒಂದು ರಾತ್ರಿಗೆ ಇಳಿಯಿತು. ೨೦೦೧ರಲ್ಲಿ ಬಿಟ್‌ಟೊರೆಂಟ್, ೨೦೦೫ರಲ್ಲಿ ಯೂಟ್ಯೂಬ್ ಬಂದು ಕಾರ್ಯವನ್ನು ಇನ್ನೂ ಹಗುರಗೊಳಿಸಿದುವು.

ಹೀಗೆ ಕೈಯಿಂದ ಕೈಗೆ ಸಾಗಿದುದರಲ್ಲಿ ಏನಿದ್ದಿತೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೯೪ರ ಜೂನ್ ೩ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಮಿತ್ಸುಹಾರು ಮಿಸಾವಾ ಮತ್ತು ತೋಷಿಯಾಕಿ ಕವಾದಾ ಮೂವತ್ತೈದು ನಿಮಿಷಗಳಿಗೂ ಮಿಕ್ಕು ಹೋರಾಡಿದರು. ಒಂದೇ ಶಾಲೆಯಲ್ಲಿ ಹಿಂದುಮುಂದಾಗಿ ಕುಸ್ತಿ ಕಲಿತ ಈ ಇಬ್ಬರ ಕಾಳಗವು ಜಪಾನಿನ ಹೊರಗೆ ಯಾವ ಪ್ರಸಾರದಿಂದಲೂ ಅಲ್ಲ, ಪ್ರತಿಗಳಿಂದಲೇ ಹೆಸರುವಾಸಿಯಾಯಿತು. ಅನೇಕ ರಸಿಕರು ಇದನ್ನು ಈ ಕಲೆಯ ಶಿಖರವೆಂದು ಎಣಿಸುವರು. ಮಿಸಾವನು ೨೦೦೯ರ ಜೂನ್ ೧೩ರಂದು ಹಿರೋಷಿಮಾದಲ್ಲಿ ಕಾದುತ್ತಿರುವಾಗಲೇ, ಬೆನ್ನ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ. ಅದೇ ರಾತ್ರಿ ಪ್ರಾಣ ಬಿಟ್ಟನು. ದೇಹವನ್ನೇ ತೆತ್ತು ಕಟ್ಟಿದ ಕಲೆಗೆ ಒಂದು ದಾಖಲೆಯಾದರೂ ಉಳಿಯಬೇಕೆಂದು ಹಂಬಲಿಸಿದವರನ್ನು ಬರಿಯ ಚಪಲಗಾರರೆಂದು ಹೀಯಾಳಿಸುವುದು ನ್ಯಾಯವಲ್ಲ.

ಹಾಗೆಂದು ಅವರು ನಡೆಸಿದುದೆಲ್ಲ ನಿರ್ದೋಷವೆಂದೂ ಹೇಳಲಾಗದು. ಚಿತ್ರದ ಹಕ್ಕು ಕಂಪೆನಿಯದು. ಅಪ್ಪಣೆಯಿಲ್ಲದೆ ಹಂಚುವುದು ಕಾನೂನಿಗೆ ವಿರುದ್ಧ. ಮಾರುಕಟ್ಟೆಯಲ್ಲಿ ಸಿಕ್ಕುವ ಹೊಸ ಟೇಪುಗಳನ್ನು ಪುಕ್ಕಟೆಯಾಗಿ ಹರಡಿದವರೂ, ಪರರ ಶ್ರಮವನ್ನು ಮಾರಿ ಹಣ ಮಾಡಿದವರೂ ಈ ಗುಂಪಿನಲ್ಲಿ ಇದ್ದರು. ಇವರನ್ನು ಮತ್ತು ಒಡೆಯನೇ ಅಳಿಸಿಹಾಕಿದುದನ್ನು ಉಳಿಸಿ ಕೊಟ್ಟವನನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾನೂನು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವುದು. ಚರಿತ್ರೆಕಾರನು ಬೇರೆಬೇರೆಯಾಗಿ ಕಾಣಬೇಕಾಗುವುದು.

ಕಾಲಕ್ರಮದಲ್ಲಿ ಒಡೆಯರಿಗೂ ಹಳೆಯ ಟೇಪುಗಳ ಬೆಲೆ ತಿಳಿಯಿತು. ಡಬ್ಲ್ಯು.ಡಬ್ಲ್ಯು.ಇ. ಎಂದು ಪ್ರಸಿದ್ಧವಾದ ಕಂಪೆನಿಯು ೨೦೦೧ರಲ್ಲಿ ತನ್ನ ಪ್ರತಿಸ್ಪರ್ಧಿಯಾದ ಡಬ್ಲ್ಯು.ಸಿ.ಡಬ್ಲ್ಯು.ವನ್ನು ಕೊಂಡಿತು, ಮುಂದೆ ಇತರ ಹಳೆಯ ಸಂಸ್ಥೆಗಳ ಸಂಗ್ರಹಗಳನ್ನೂ ಸೇರಿಸಿಕೊಂಡು, ೨೦೧೪ರ ಫೆಬ್ರವರಿ ೨೪ರಂದು ತನ್ನ ಭಂಡಾರವನ್ನು ಇಂಟರ್ನೆಟ್ಟಿನಲ್ಲಿ ಚಂದಾದಾರರಿಗೆ ತೆರೆಯಿತು. ಕಳ್ಳದಾರಿಯ ಅಗತ್ಯವು ಇನ್ನು ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ೨೦೨೧ರಲ್ಲಿ ಅಮೆರಿಕದಲ್ಲಿ ಆ ಭಂಡಾರವು ಪೀಕಾಕ್ ಎಂಬ ಬೇರೊಂದು ಸಂಸ್ಥೆಯ ವಶಕ್ಕೆ ಹೋದಾಗ, ಈ ಕಾಲಕ್ಕೆ ಒಪ್ಪದ ಭಾಗಗಳನ್ನು ಕತ್ತರಿಸಲಾಯಿತು. ೧೯೯೦ರಲ್ಲಿ ರಾಡೀ ಪೈಪರನು ದೇಹದ ಅರ್ಧಕ್ಕೆ ಕರಿಬಣ್ಣ ಬಳಿದುಕೊಂಡು ಕರಿಯ ಮಲ್ಲನೊಬ್ಬನೊಡನೆ ಆಡಿದ ಕಾಳಗವು ಹೀಗೆ ಮರೆಯಾದುವುಗಳಲ್ಲಿ ಒಂದು. ಆ ವೇಷವು ಅಪಮಾನಕರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂದಿನ ಜನರು ಅದನ್ನು ಆಟವೆಂದು ಒಪ್ಪಿಕೊಂಡಿದ್ದರೆಂಬುದೂ ಚರಿತ್ರೆಯ ಒಂದು ಸಂಗತಿಯೇ. ದಾಖಲೆಯು ಮರೆಯಾದರೆ ಆ ಅಪಮಾನಕ್ಕೆ ಸಾಕ್ಷಿಯೂ ಮರೆಯಾಗುವುದು. ಭಂಡಾರವು ಒಂದೇ ಆಗಿದ್ದಲ್ಲಿ, ಅದರ ಬೀಗದ ಕೈಯುಳ್ಳವನ ಅಭಿರುಚಿಯೇ ಚರಿತ್ರೆಯಾಗಿಬಿಡುವುದು.

ಅಭಿಮಾನಿಗಳ ಸಂಗ್ರಹವಾದರೂ ಚಿರಂಜೀವಿಯಲ್ಲ. ಐ.ಆರ್.ಸಿ.ಯ ಆ ಹಳೆಯ ಚಾನೆಲ್ಲುಗಳಲ್ಲಿ ಹಲವು ಬರಿದಾಗಿವೆ; ಬಾಟುಗಳನ್ನು ನಿಲ್ಲಿಸಿದವರು ತಮ್ಮ ಡಿಸ್ಕುಗಳನ್ನು ಮೂಲೆಗೆ ಹಾಕಿರುವರು. ಆಗಿನ ಪದ್ಧತಿಯಲ್ಲಿ ಕುಗ್ಗಿಸಿಟ್ಟ ಕೆಲವು ಫೈಲುಗಳು ಇಂದಿನ ಯಂತ್ರಗಳಲ್ಲಿ ಸುಲಭವಾಗಿ ತೆರೆಯುವುದೂ ಇಲ್ಲ. ಓಲೆಯ ಕಟ್ಟನ್ನು ಕಾಲಕಾಲಕ್ಕೆ ಬಿಚ್ಚಿ, ಎಣ್ಣೆ ಸವರಿ, ಸವೆದುದನ್ನು ಹೊಸ ಗರಿಗೆ ಇಳಿಸುತ್ತಿದ್ದರೆ ಮಾತ್ರ ಅದು ಉಳಿಯುತ್ತಿದ್ದಂತೆ, ಇದನ್ನೂ ಯಾರಾದರೂ ತೆರೆದು ನೋಡಿ ಹೊಸ ರೂಪಕ್ಕೆ ಇಳಿಸುತ್ತಲೇ ಇರಬೇಕು.

ರಾಚೆಸ್ಟರಿನ ಕಾಳಗದ ಕಥೆಯು ಮುಗಿದುದೂ ಹೀಗೆಯೇ. ೨೦೧೯ರಲ್ಲಿ ಆ ಟೇಪು ಸಿಕ್ಕಿತು. ಸಿಕ್ಕಿದುದು ಕಂಪೆನಿಯ ದೊಡ್ಡ ಭಂಡಾರದಲ್ಲಿ ಅಲ್ಲ; ಅಂದು ಸೋತ ಬ್ರೆಟ್ ಹಾರ್ಟನು ತನ್ನ ಬಳಿಯೇ ಇಟ್ಟುಕೊಂಡು ಬಂದಿದ್ದ ಟೇಪುಗಳಲ್ಲಿ. ಅವನ್ನು ಒಂದೊಂದಾಗಿ ತೆರೆದು ನೋಡಿ ಇದನ್ನು ಗುರುತಿಸಿದವಳು ಹಳೆಯ ಕುಸ್ತಿಯ ಟೇಪುಗಳನ್ನು ಸಂರಕ್ಷಿಸುವುದರಲ್ಲಿ ನಿರತಳಾದ ಒಬ್ಬ ಮಹಿಳೆ. ವರ್ಷಗಟ್ಟಲೆ ಅಭಿಮಾನಿಗಳು ಅದರ ಮಾತನ್ನು ಜೀವಂತವಾಗಿ ಇಟ್ಟಿರದಿದ್ದರೆ, ಕೈಗೆ ಸಿಕ್ಕಿದ ಟೇಪಿನ ಮಹತ್ವವು ಯಾರಿಗೂ ಹೊಳೆಯುತ್ತಿರಲಿಲ್ಲ. ಆ ವರ್ಷದ ಮೇ ೧೩ರಂದು ಕಂಪೆನಿಯು ತಾನೇ ಅದನ್ನು ಲೋಕಕ್ಕೆ ತೋರಿಸಿತು. ಬಲ್ಲವರು ಹಿಂದೆ ಹೇಳಿದ್ದುದು ನಿಜವಾಗಿತ್ತು: ಹೊಸಬನನ್ನು ಎತ್ತಿ ಹಿಡಿದು, ಪ್ರತಿಯೊಂದು ಪಟ್ಟಿಗೂ ತಕ್ಕಂತೆ ತನ್ನ ಮೈಯನ್ನು ಒಡ್ಡಿ, ಅವನನ್ನು ವೀರನನ್ನಾಗಿ ಮಾಡಿದವನು ಹಾರ್ಟನೇ. ಅಂದು ಗೆದ್ದವನ ಹೆಸರು ಮಾತ್ರ ಫಲಿತಾಂಶದ ಪಟ್ಟಿಯಲ್ಲಿ ಉಳಿದಿತ್ತು. ಸೋತವನ ಕೆಲಸವನ್ನು ಜನರು ಕಣ್ಣಾರೆ ಕಂಡುದು ಆ ಟೇಪು ಉಳಿದುದರಿಂದ.